ಪ್ರಜಾಪ್ರಭುತ್ವದ ಫೋಟೋ ಹೇಗಿರುತ್ತೆ?

ಇಣುಕಮ್ಮ ಎಂಬ ಹೆಸರನ್ನು ಅವಳಿಗೆ ಇಟ್ಟವರು ಅವಳ ಅತ್ತೆ. ಮದುವೆಯಾಗಿ ಬಂದ ಹೊಸತರಲ್ಲಿ, ಬೀದಿಯಲ್ಲಿ ಯಾರ ಮನೆಯ ಬಾಗಿಲು ತೆರೆದಿದ್ದರೂ ಸೊಸೆಯ ಕತ್ತು ಅತ್ತ ತಿರುಗುತ್ತಿತ್ತು. ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಎದುರುಮನೆಯ ಹೆಂಗಸು ಒಬ್ಬಳೇ ಇಸ್ಪೀಟಾಡುತ್ತ ತನಗೆ ತಾನೇ ಮೋಸ ಮಾಡಿಕೊಳ್ಳುವ ಪರಿ, ಎಲ್ಲವೂ ಅವಳಿಗೆ ಬೇಕು. “ನಿನ್ನ ಕಣ್ಣಿಗೆ ಒಂದು ಕೆಲಸ ಅಂತ ಹಚ್ಚಬೇಕು ಕಣೇ. ಇಲ್ಲದಿದ್ರೆ ಈ ಬೀದಿಯಲ್ಲಿ ನಾವು ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ” ಎಂದು ಗೊಣಗಿದ ಅತ್ತೆಯೇ ಮಗನಿಗೆ ಹೇಳಿ ಸೊಸೆಯ ಕೈಗೆ ಕ್ಯಾಮೆರಾ ಕೊಡಿಸಿದರು.

ಮಗನದು ಫೋಟೋ ಸ್ಟುಡಿಯೊ. ಮುಂದಿನ ಕೋಣೆಯಲ್ಲಿ ಸರೋವರದ ಚಿತ್ರ ಬರೆದ ಪರದೆ, ಒಂದು ಕಾಲು ಕುಂಟುವ ಕುರ್ಚಿ, ಬಾಚಣಿಗೆ ಇಟ್ಟ ಕನ್ನಡಿ. ಹಿಂದಿನದು ಡಾರ್ಕ್‌ರೂಮು: ಕೆಂಪು ಬಲ್ಬು, ಮೂಗಿಗೆ ಹೊಡೆಯುವ ರಾಸಾಯನಿಕದ ವಾಸನೆ, ತಂತಿಗೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟ ಫಿಲ್ಮುಗಳು. ಅವನು ಆ ಕತ್ತಲಲ್ಲೇ ಹಾಯಾಗಿರುವ ಮನುಷ್ಯ. ಗಿರಾಕಿಗಳಿಗೆ “ಸ್ವಲ್ಪ ನಗಿ” ಎನ್ನುವಷ್ಟರಲ್ಲಿ ಅವನ ಬೆವರು ಇಳಿಯುತ್ತಿತ್ತು. ಹೀಗಾಗಿ ಸಂಸಾರದ ಕೆಲಸ ತಾನಾಗಿಯೇ ಪಾಲಾಯಿತು. ಬೆಳಕು ಹೆಂಡತಿಯದು, ಕತ್ತಲು ಗಂಡನದು.

ದೇಶದಲ್ಲಿ ಆಗ ಹೊಸ ಗಾಳಿ ಬೀಸುತ್ತಿದ್ದ ಕಾಲ. ಒಬ್ಬನೇ ಮನುಷ್ಯನ ಮುಖ ಎಲ್ಲ ಗೋಡೆಗಳಿಂದಲೂ ದುರುಗುಟ್ಟಿ ನೋಡುತ್ತಿದ್ದ ದಿನಗಳು ಮುಗಿದು, ಜನ ತಾವೇ ಆರಿಸಿದ ಸರ್ಕಾರ ಬಂದಿತ್ತು. ಆ ಸರ್ಕಾರದ ಮಾಹಿತಿ ಇಲಾಖೆಗೆ ಒಂದು ದೊಡ್ಡ ಚಿತ್ರಪುಸ್ತಕ ತರುವ ಮನಸ್ಸಾಯಿತು. ಮೂರು ಭಾಗ: ನೆಲ, ಜನ, ಪ್ರಜಾಪ್ರಭುತ್ವ. ಕೆಲಸವನ್ನು ಸೀಮೆಗೊಬ್ಬ ಛಾಯಾಗ್ರಾಹಕರಿಗೆ ಹಂಚಿದರು. ನದಿಯಾಚೆಗಿನ ಸೀಮೆ ಇಣುಕಮ್ಮನ ಪಾಲಿಗೆ ಬಂತು. ಬೇರೆ ಯಾರೂ ಅಷ್ಟು ದೂರ ಹೋಗಲು ಒಪ್ಪಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

“ನನಗೇನು, ಇಡೀ ಸೀಮೇನೇ ಬಾಗಿಲು ತೆಗೆದು ಇಟ್ಟ ಹಾಗಾಯ್ತು” ಎಂದು ಅವಳು ಕುಣಿದಳು.

“ಹುಷಾರು. ಒಳಗೇ ಹೋಗಿ ಕೂತುಬಿಟ್ಟೀಯ” ಎಂದ ಗಂಡ, ಫಿಲ್ಮಿನ ಸುರುಳಿಗಳನ್ನು ಒಂದೊಂದಾಗಿ ಅವಳ ಚೀಲಕ್ಕೆ ತುಂಬುತ್ತ.

ನೆಲದ ಭಾಗಕ್ಕೆ ಅವಳು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಬೆಟ್ಟ ಎದ್ದು ಹೋಗುವುದಿಲ್ಲ, ಹೊಳೆ ಮುಖ ತಿರುಗಿಸುವುದಿಲ್ಲ. ಬೆಳಕು ಬರುವವರೆಗೆ ಕಾಯುವ ತಾಳ್ಮೆಯೊಂದಿದ್ದರೆ ಸಾಕಿತ್ತು. ಜನರ ಭಾಗ ಅವಳಿಗೆ ಹಬ್ಬ. ಕಲ್ಲು ಗಣಿಯ ಕೆಲಸಗಾರರು, ಉಪ್ಪಿನ ಗುಡ್ಡೆಗಳ ನಡುವೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಹೆಂಗಸರು, ತನ್ನ ದೀಪದ ಬಗ್ಗೆ ಮಾತು ಶುರು ಮಾಡಿದರೆ ನಿಲ್ಲಿಸದ ದೀಪಸ್ತಂಭದ ಕಾವಲುಗಾರ. ಆದರೆ ಮೂರನೆಯ ಭಾಗಕ್ಕೆ ಬರುವಷ್ಟರಲ್ಲಿ ಅವಳ ಕ್ಯಾಮೆರಾ ಪೆಚ್ಚಾಯಿತು. ಪ್ರಜಾಪ್ರಭುತ್ವವನ್ನು ಎಲ್ಲಿ ನಿಲ್ಲಿಸಿ, ಯಾವ ಕಡೆಯಿಂದ ಫೋಟೋ ತೆಗೆಯುವುದು?

ಇಲಾಖೆಯ ಅಧಿಕಾರಿಗೆ ಫೋನು ಮಾಡಿದಳು. ಸದಾ ನೆಗಡಿಯಲ್ಲಿರುವ, ಮೂಗಿನಿಂದಲೇ ಅರ್ಧ ಮಾತಾಡುವ ಸಾಧು ಮನುಷ್ಯ ಅವರು. “ಅದರಲ್ಲೇನಿದೆಯಮ್ಮ? ಮತಗಟ್ಟೆ ಮುಂದೆ ಸಾಲು. ಒಬ್ಬ ಮುದುಕಿ, ಒಬ್ಬ ಯುವಕ, ಬೆರಳಿಗೆ ಶಾಯಿ. ಮುಗೀತಲ್ಲ” ಎಂದರು.

“ಸಾಲು ರೊಟ್ಟಿ ಅಂಗಡಿ ಮುಂದೇನೂ ಇರುತ್ತೆ ಸಾರ್. ನೋಡೋರಿಗೆ ವ್ಯತ್ಯಾಸ ಹೇಗೆ ಗೊತ್ತಾಗ್ಬೇಕು?”

ಆ ಕಡೆಯಿಂದ ಒಂದು ಸೀನು ಬಂತು. ಹಿಂದೆಯೇ ಫೋನು ಇಟ್ಟ ಸದ್ದು.

ಅಲ್ಲಿಂದ ಮುಂದೆ ಅವಳು ಸಿಕ್ಕಿದವರನ್ನೆಲ್ಲ ಕೇಳತೊಡಗಿದಳು. “ಪ್ರಜಾಪ್ರಭುತ್ವವನ್ನ ನೀವು ಎಲ್ಲಾದ್ರೂ ಕಣ್ಣಾರೆ ನೋಡಿದ್ದೀರಾ?” ಬಸ್ಸಿನ ಕಂಡಕ್ಟರು ಟಿಕೆಟ್ಟು ಕೊಡುವುದನ್ನೂ ಮರೆತು ಯೋಚಿಸಿದ. ಹೋಟೆಲಿನ ಯಜಮಾನಿ “ಗಲಾಟೆ ಅಂತಾದ್ರೆ ದಿನಾ ನೋಡ್ತೀನಿ” ಎಂದಳು. ಕೊನೆಗೆ ನದಿ ದಾಟಿಸುವ ದೋಣಿಯವನೊಬ್ಬ, “ನಮ್ಮೂರಿಗೆ ಬನ್ನಿ. ನಾಳೆ ಸಭೆ ಇದೆ. ಸೇತುವೆ ಎಲ್ಲಿ ಕಟ್ಟಬೇಕು ಅಂತ ಎಲ್ಲರೂ ಕಿತ್ತಾಡೋದಿದೆ. ನನಗಂತೂ ಎಲ್ಲಿ ಕಟ್ಟಿದ್ರೂ ನಷ್ಟವೇ, ಆದರೂ ನಾನೂ ಹೋಗ್ತೀನಿ” ಎಂದು ನಕ್ಕ. ಇಣುಕಮ್ಮನ ಕಿವಿ ನೆಟ್ಟಗಾಯಿತು.

ಸಭೆ ಸೇರಿದ್ದು ಶಾಲೆಯ ಹಜಾರದಲ್ಲಿ. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುಡಿ ಕುಳಿತಿದ್ದರು. ಸಭೆಯ ಅಧ್ಯಕ್ಷ ಊರಿನ ಬೇಕರಿಯವನು. ಕೋಟು ಹಾಕಿಕೊಂಡು ಬಂದಿದ್ದರೂ ಕಿವಿಯ ಹಿಂದೆ ಹಿಟ್ಟು ಉಳಿದಿತ್ತು. ಇಣುಕಮ್ಮ ಬಾಗಿಲಲ್ಲಿ ನಿಂತು ತಾನು ಬಂದ ಕಾರಣ ಹೇಳಿದಳು. ಬೇಕರಿಯವನು ಗಂಟಲು ಸರಿಮಾಡಿಕೊಂಡು, “ಸೇತುವೆ ವಿಷಯಕ್ಕೆ ಮುಂಚೆ ಇದನ್ನೇ ಸಭೆಯ ಮುಂದೆ ಇಡೋಣ. ಇವರು ಫೋಟೋ ತೆಗೀಬಹುದಾ? ಹೌದು ಅನ್ನೋರು ಕೈ ಎತ್ತಿ” ಎಂದ.

ಕೈಗಳು ಮೇಲೇರಿದವು. ಕೆಲವರು ಎರಡೂ ಕೈ ಎತ್ತಿ ಬೈಸಿಕೊಂಡರು. ಕೆಲವರು ಕೈ ಎತ್ತುವಾಗಲೇ ತಲೆಗೂದಲು ಸರಿಮಾಡಿಕೊಂಡರು.

“ಬೇಡ ಅನ್ನೋರು?”

ಕಿಟಕಿಯ ಬಳಿ ಒಂದೇ ಒಂದು ಕೈ. ಊರಿನ ಬಟ್ಟೆ ಹೊಲಿಯುವ ಅಜ್ಜಿ. ಕುತ್ತಿಗೆಯಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು.

“ಅಜ್ಜೀ, ಬಹುಮತ ಆಯ್ತಲ್ಲ” ಎಂದ ಬೇಕರಿಯವನು.

“ಆಗಲಿ ಬಿಡಪ್ಪ. ಬಹುಮತ ಬಂದ್ರೆ ಸೇತುವೆ ನಿಮ್ಮದು. ನನ್ನ ಮುಖ ಹೇಗೆ ನಿಮ್ಮದಾಗುತ್ತೆ?”

ಹಜಾರದಲ್ಲಿ ಗದ್ದಲವೆದ್ದಿತು, ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ. “ಒಬ್ಬರಿಗೋಸ್ಕರ ಎಲ್ಲರದೂ ನಿಲ್ಲಬೇಕಾ?” ಎಂದು ಒಬ್ಬ. “ಅವರನ್ನ ಬಿಟ್ಟು ತೆಗೀಲಿ” ಎಂದು ಇನ್ನೊಬ್ಬಳು. “ಹಾಗಾದ್ರೆ ಅವರು ಎದ್ದು ಹೊರಗೆ ಹೋಗ್ಬೇಕಾ? ಅವರ ಸಭೆಯಿಂದ ಅವರನ್ನೇ ಆಚೆ ಕಳಿಸ್ತೀರಾ?” ಎಂದು ದೋಣಿಯವನು ಎದ್ದು ನಿಂತ. ಸೇತುವೆಗೆಂದು ಸೇರಿದ ಜನ ಒಂದು ಮುಖದ ಬಗ್ಗೆ ಜಗ್ಗಾಡುತ್ತಿದ್ದರು. ಇಣುಕಮ್ಮ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಕಣ್ಣರಳಿಸಿ ನೋಡುತ್ತಿದ್ದಳು. ತಾನು ಹುಡುಕಿಕೊಂಡು ಬಂದದ್ದು ಇದೇ ಇರಬಹುದೇ? ಇದ್ದರೂ ತೆಗೆಯುವ ಹಾಗಿಲ್ಲವಲ್ಲ! ಬೆರಳು ತುರಿಸುತ್ತಿತ್ತು. ಅವಳು ಎದ್ದು, ಕ್ಯಾಮೆರಾವನ್ನು ಚೀಲದೊಳಗಿಟ್ಟು, “ನಾನು ಇವತ್ತು ಸುಮ್ನೆ ನೋಡ್ತೀನಿ. ನೀವು ಸೇತುವೆ ವಿಷಯ ಶುರು ಮಾಡಿ” ಎಂದಳು.

ಸಭೆ ಮುಗಿದ ಮೇಲೆ ಅವಳು ಅಜ್ಜಿಯ ಅಂಗಡಿಗೆ ಹೋದಳು. ಒಂದೇ ಕೋಣೆ. ಹೊಲಿಗೆ ಯಂತ್ರ, ಬಣ್ಣಬಣ್ಣದ ದಾರದ ಉಂಡೆಗಳು, ಗೋಡೆಗೆ ತೂಗುಹಾಕಿದ ತೋಳಿಲ್ಲದ ಅಂಗಿಗಳು.

“ಬೈಯೋಕೆ ಬಂದ್ಯಾ?” ಎಂದರು ಅಜ್ಜಿ, ಸೂಜಿಯಿಂದ ಕಣ್ಣೆತ್ತದೆ.

“ಇಲ್ಲಜ್ಜಿ. ಕೇಳೋಕೆ ಬಂದೆ. ಯಾಕೆ ಬೇಡ ಅಂದ್ರಿ?”

“ಹೇಳದಿದ್ರೆ?”

“ನಿದ್ದೆ ಬರಲ್ಲ ನನಗೆ. ಅಷ್ಟೇ.”

ಅಜ್ಜಿಗೆ ನಗು ಬಂತು. ಸ್ಟೂಲು ಎಳೆದು ಕೊಟ್ಟು ಹೇಳತೊಡಗಿದರು. ಹಿಂದಿನ ಆಳ್ವಿಕೆಯಲ್ಲಿ ಒಬ್ಬ ಫೋಟೋದವನು ಬಂದಿದ್ದ. ಇದೇ ಬಾಗಿಲಲ್ಲಿ ಅವರನ್ನು ನಿಲ್ಲಿಸಿದ. ಗಾಳಿಗೆ ಅವನ ಟೋಪಿ ಹಾರಿ ಚರಂಡಿಗೆ ಬಿತ್ತು. ಅವರಿಗೆ ತಡೆಯಲಾಗದೆ ನಗು ಬಂತು. ಆ ನಗುವನ್ನು ಅವನು ಹಿಡಿದುಕೊಂಡು ಹೋದ. ಕೆಲವು ತಿಂಗಳಾದ ಮೇಲೆ ಅದು ಆಳೆತ್ತರದ ಪೋಸ್ಟರಾಗಿ ಊರೂರಿನ ಗೋಡೆಗಳ ಮೇಲೆ ಬಂತು. ಕೆಳಗೆ ದಪ್ಪ ಅಕ್ಷರ: “ನಮಗೆ ಯಾವ ಕೊರತೆಯೂ ಇಲ್ಲ.” ಅಷ್ಟರಲ್ಲಿ ಅವರ ಗಂಡನನ್ನು ಸರ್ಕಾರದವರು ಹಿಡಿದೊಯ್ದಿದ್ದರು, ಎಲ್ಲಿಗೆ ಎಂದು ಹೇಳುವವರಿರಲಿಲ್ಲ.

“ಪಕ್ಕದ ಮನೆಯವಳು ನನ್ನ ಜೊತೆ ಮಾತು ಬಿಟ್ಟಳು. ಅವಳ ಅಣ್ಣನನ್ನೂ ಒಯ್ದಿದ್ರಲ್ಲ. ನಾನು ಹಾಗಂದಿಲ್ಲ ಕಣೇ ಅಂತ ಎಷ್ಟು ಬಡ್ಕೊಂಡೆ. ‘ನಗ್ತಿರೋದು ನೀನೇ ತಾನೇ?’ ಅಂದಳು. ಮುಖ ನಂದೇ. ಮಾತು ನಂದಲ್ಲ.”

“ಯಜಮಾನರು ಬಂದ್ರಾ?”

“ಬಂದ್ರು. ಬಂದವರು ಹೆಚ್ಚು ದಿನ ಉಳೀಲಿಲ್ಲ.” ಅಜ್ಜಿ ಹಲ್ಲಿನಿಂದ ದಾರ ಕಡಿದರು. “ಈಗ ನಿನ್ನ ಪುಸ್ತಕದಲ್ಲಿ ನನ್ನ ಮುಖದ ಕೆಳಗೆ ಏನು ಬರೀತಾರೆ, ನೀನು ಹೇಳು ನೋಡೋಣ.”

ಇಣುಕಮ್ಮ ಚೀಲದಲ್ಲಿದ್ದ ಫಿಲ್ಮಿನ ಸುರುಳಿಗಳನ್ನು ನೋಡಿದಳು. ಊರೂರು ಸುತ್ತಿ ತೆಗೆದ ಅಷ್ಟೂ ಮುಖಗಳ ಕೆಳಗೆ ಏನು ಅಚ್ಚಾಗುತ್ತದೆ ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ಜಗತ್ತಿನ ಉಸಾಬರಿಯೆಲ್ಲ ಬೇಕಿದ್ದವಳಿಗೆ ಇದೊಂದು ಹೊಳೆದಿರಲಿಲ್ಲ.

“ನನಗೆ ಗೊತ್ತಿಲ್ಲಜ್ಜಿ” ಎಂದಳು. “ನೀವೇ ಹೇಳಿದ್ರೆ ಏನು ಹೇಳ್ತಿದ್ರಿ?”

ಅಜ್ಜಿ ಹೊಲಿಗೆಯನ್ನು ಯಂತ್ರಕ್ಕೆ ಕೊಟ್ಟು ತುಳಿಯತೊಡಗಿದರು. “ಮುಂದಿನ ಸಭೆಗೆ ಬಾ” ಎಂದರು.

ಊರಿಗಿಂತ ನದಿಯ ಮೇಲುಗಡೆಗೋ ಕೆಳಗಡೆಗೋ ಎಂಬ ಸೇತುವೆಯ ಜಗಳ ಒಂದೇ ಸಭೆಗೆ ಮುಗಿಯುವಂಥದ್ದಾಗಿರಲಿಲ್ಲವಾದ್ದರಿಂದ ಮುಂದಿನ ಸಭೆ ಬೇಗನೆ ಬಂತು. ಆ ದಿನ ಅಜ್ಜಿ ತಾವಾಗಿ ಎದ್ದು ನಿಂತರು. “ಫೋಟೋ ತೆಗೀಲಿ. ಕೆಳಗೆ ನಾನು ಹೇಳಿದ್ದನ್ನೇ ಹಾಕಬೇಕು: ‘ಸೇತುವೆ ಮೇಲುಗಡೆ ಕಟ್ಟೋದು ತಪ್ಪು ಅಂತ ನಾನು ಹೇಳಿದೆ. ಸೋತೆ. ಮತ್ತೆ ಹೇಳ್ತೀನಿ.’ ಇಷ್ಟೇ.”

“ಇನ್ನೂ ಮತ ಹಾಕಿಲ್ಲ ಅಜ್ಜೀ, ಈಗಲೇ ಸೋತೆ ಅಂದ್ರೆ ಹೇಗೆ?” ಎಂದ ಬೇಕರಿಯವನು.

“ನಿಮ್ಮ ಮುಖ ನೋಡಿದ್ರೆ ಗೊತ್ತಾಗಲ್ವೇನೋ!”

ಹಜಾರ ಗೊಳ್ಳೆಂದಿತು. ಅಜ್ಜಿ ಹೇಳಿದಂತೆಯೇ ಆಯಿತು. ಸೇತುವೆ ಮೇಲುಗಡೆಗೇ ಎಂದು ಕೈಗಳು ಎದ್ದವು. ‘ಬೇಡ’ ಎನ್ನಲು ಅಜ್ಜಿ ಕೈ ಎತ್ತಿದಾಗ ಇಣುಕಮ್ಮ ಬಟನ್ ಒತ್ತಿದಳು. ಕಿಟಕಿಯ ಬೆಳಕಿನಲ್ಲಿ ಎತ್ತಿದ ಒಂದು ಕೈ, ಅದರತ್ತ ತಿರುಗಿದ ಊರಿನ ಮುಖಗಳು. ಸಿಟ್ಟಾದವರು ಇದ್ದರು, ನಗುವವರು ಇದ್ದರು, ತಾನೂ ಎತ್ತಬೇಕಿತ್ತೇನೋ ಎಂದು ಕೈಯನ್ನು ಅರ್ಧಕ್ಕೆ ತಂದವನೂ ಒಬ್ಬನಿದ್ದ.

ಗಂಡ ಡಾರ್ಕ್‌ರೂಮಿನ ಟ್ರೇಯಲ್ಲಿ ಆ ಚಿತ್ರ ಮೆಲ್ಲಗೆ ಮೂಡುವುದನ್ನು ನೋಡುತ್ತ, “ಇದು ಸೋತವರ ಫೋಟೋ ಕಣೇ. ಆದರೂ ಯಾರೂ ಹೆದರಿದ ಹಾಗೆ ಕಾಣಲ್ಲ” ಎಂದ. ಅವನು ಹೊಗಳುತ್ತಿದ್ದದ್ದೇ ಅಪರೂಪ. ಆ ಖುಷಿಗೆ ಅವಳು ರಾತ್ರಿಯ ಅಡುಗೆಗೆ ತಾನೇ ನಿಂತಳು.

ಅಧಿಕಾರಿಗೆ ಚಿತ್ರ ಹಿಡಿಸಿತು. ಅಡಿಬರಹ ಹಿಡಿಸಲಿಲ್ಲ. “ಸರ್ಕಾರದ ಪುಸ್ತಕದಲ್ಲಿ ‘ತಪ್ಪು’ ಅನ್ನೋ ಮಾತು ಹೇಗಮ್ಮ ಹಾಕೋದು? ‘ಗ್ರಾಮಸಭೆಯಲ್ಲಿ ಉತ್ಸಾಹದಿಂದ ಪಾಲ್ಗೊಂಡ ಹಿರಿಯ ಮಹಿಳೆ’ ಅಂತ ಹಾಕೋಣ.”

“ಆ ಮಾತು ಅವರದಲ್ಲ ಸಾರ್.”

“ಒಂದು ಸಾಲಿಗೆ ಇಷ್ಟು ಹಟವಾ?”

“ಹೌದು ಸಾರ್. ಇಲ್ಲದಿದ್ರೆ ಫೋಟೋನೂ ಇಲ್ಲ.”

ಅಧಿಕಾರಿ ಕರವಸ್ತ್ರದಿಂದ ಮೂಗೊರೆಸಿಕೊಂಡು ಯೋಚಿಸಿದರು. ಗದರಿಸಬಹುದಿತ್ತು, ಗದರಿಸಲಿಲ್ಲ. ವಿಷಯವನ್ನು ಸಂಪಾದಕ ಸಮಿತಿಯ ಮುಂದಿಟ್ಟರು. ಇಣುಕಮ್ಮ ಹೊರಗಿನ ಬೆಂಚಿನ ಮೇಲೆ ಕುಳಿತು ಬಾಗಿಲ ಗಾಜಿನ ಮಸುಕಿನಲ್ಲಿ ಕೈಗಳು ಏಳುವುದನ್ನು ನೋಡಿದಳು. ಒಂದೇ ಮತದಿಂದ ಅಜ್ಜಿಯ ಸಾಲು ಬಿದ್ದುಹೋಯಿತು. ಅವಳು ಫೋಟೋವನ್ನು ವಾಪಸು ತೆಗೆದುಕೊಂಡು ಹೊರಟಳು. ಪುಸ್ತಕ ಬಂದಾಗ ಮೂರನೆಯ ಭಾಗದಲ್ಲಿ ಇನ್ಯಾರೋ ತೆಗೆದ ಮತಗಟ್ಟೆಯ ಸಾಲು ಇತ್ತು. ಚೆನ್ನಾಗಿಯೇ ತೆಗೆದಿದ್ದರು ಎಂದು ಅವಳು ಒಪ್ಪಿಕೊಂಡಳು. ಆದರೂ ಎರಡು ದಿನ ಯಾರ ಮನೆಯ ಕಡೆಯೂ ಕತ್ತು ತಿರುಗಿಸಲಿಲ್ಲ.

ಸುದ್ದಿ ಹೇಳಲು ಅವಳೇ ನದಿ ದಾಟಿ ಹೋದಳು. ಅಜ್ಜಿ ಕೇಳಿದ ಮೊದಲ ಪ್ರಶ್ನೆ, “ನನ್ನ ಪರ ಯಾರು ಕೈ ಎತ್ತಿದ್ರು?”

“ಆ ನೆಗಡಿ ಅಧಿಕಾರೀನೂ ಎತ್ತಿದ್ರಜ್ಜಿ.”

“ಬೇಡ ಅಂತ ಹೇಳ್ತಿದ್ದವನೇ?”

“ಅವರೇ. ಯಾಕೆ ಅಂತ ಕೇಳಿದೆ. ‘ಒಳಗೆ ಹೋದ ಮೇಲೆ ಅನ್ನಿಸ್ತಮ್ಮ’ ಅಂದ್ರು.”

ಅಜ್ಜಿ ಅದನ್ನು ಚಪ್ಪರಿಸಿಕೊಂಡು ಕೇಳಿದರು. ಆಮೇಲೆ ಫೋಟೋವನ್ನು ಕಿಟಕಿಗೆ ಹಿಡಿದು ನೋಡಿದರು. ತಮ್ಮ ಮುಖವನ್ನಲ್ಲ. “ಅಯ್ಯೋ, ಬೇಕರಿಯವನ ಕೋಟಿನ ತೋಳು! ನಾನೇ ಹೊಲಿದದ್ದು. ಎಷ್ಟು ಸೊಟ್ಟಗಿದೆ! ಇದನ್ನ ದೇಶವೆಲ್ಲ ನೋಡ್ತಿತ್ತಲ್ಲೇ, ಸೋತಿದ್ದೇ ಒಳ್ಳೇದಾಯ್ತು.”

ಬೇಕರಿಯವನು ಕೋಟನ್ನು ರಿಪೇರಿಗೆ ತಂದುಕೊಟ್ಟ. ಊರಿನವರು ಫೋಟೋಕ್ಕೆ ಕಟ್ಟು ಹಾಕಿಸಿ, ಅಜ್ಜಿಯ ಸಾಲನ್ನು ಶಾಲೆಯ ಮೇಷ್ಟ್ರಿಂದ ದುಂಡಗೆ ಬರೆಸಿ, ಹಜಾರದಲ್ಲಿ ನೇತುಹಾಕಿದರು. ಸೇತುವೆ ಮೇಲುಗಡೆಯೇ ಎದ್ದಿತು. ಅಜ್ಜಿ ಅದರ ಮೇಲೆ ನಡೆದು ಹೋಗುವಾಗಲೆಲ್ಲ ತಪ್ಪು ಎಂದೇ ಹೇಳುತ್ತಿದ್ದರು. ದೋಣಿಯವನು ಸೇತುವೆಯ ಬುಡದಲ್ಲಿ ಚಹಾದಂಗಡಿ ಇಟ್ಟ.

ಆ ಮೇಲಿನ ವರ್ಷಗಳಲ್ಲಿ ಇಣುಕಮ್ಮ ದೇಶದ ಮೂಲೆಮೂಲೆ ತಿರುಗಿದಳು. ಯಾರ ಫೋಟೋ ತೆಗೆದರೂ, “ಕೆಳಗೆ ಏನು ಬರೀಲಿ?” ಎಂದು ಕೇಳುವುದು ರೂಢಿಯಾಯಿತು. ಒಬ್ಬ ಗಣಿ ಕೆಲಸಗಾರ ತನ್ನ ಮೊಮ್ಮಗಳ ಹೆಸರು ಬರೆಸಿದ. ಒಬ್ಬ ನರ್ಸು “ಈ ಆಸ್ಪತ್ರೆಗೆ ಲಿಫ್ಟು ಬೇಕು” ಎಂದಳು. ಒಬ್ಬ ಮಂತ್ರಿ ಮಾತ್ರ ಯೋಚಿಸಿ ಹೇಳಿ ಕಳಿಸುತ್ತೇನೆ ಎಂದವರು ಇನ್ನೂ ಹೇಳಿ ಕಳಿಸಿಲ್ಲ.

ಒಮ್ಮೆ ಅಜ್ಜಿಯ ಅಂಗಡಿಯಲ್ಲಿ ಅವಳು ಕ್ಯಾಮೆರಾ ಒರೆಸುತ್ತಿದ್ದಾಗ ಅಜ್ಜಿ ಕೈ ಚಾಚಿದರು. “ಕೊಡಿಲ್ಲಿ. ಎಲ್ಲರನ್ನೂ ಹಿಡೀತೀಯ, ನಿನ್ನ ಯಾರು ಹಿಡಿಯೋದು?” ನೂಲಿನ ಉಂಡೆಗಳ ಮುಂದೆ ಅವಳನ್ನು ನಿಲ್ಲಿಸಿ, ಗಲ್ಲವನ್ನು ಅಳತೆ ತೆಗೆಯುವವರಂತೆ ಎರಡು ಬೆರಳಿನಿಂದ ಎತ್ತಿ, ಬಟನ್ ಒತ್ತಿದರು. ಫೋಟೋ ಕೊಂಚ ಅಲುಗಿದೆ. ಕಣ್ಣು ಮಾತ್ರ ಸ್ಪಷ್ಟವಾಗಿದೆ.

“ಕೆಳಗೆ ಏನು ಬರೀಲಿ?” ಎಂದು ಅಜ್ಜಿ ಕೇಳಿದರು.

ಇಣುಕಮ್ಮ ಆ ಪ್ರಶ್ನೆಯನ್ನು ಜೊತೆಗೇ ಒಯ್ದಳು. ಮನೆಗೆ ಬಂದು ಗಂಡನನ್ನು ಕೇಳಿದಳು. ಅವನು ಪ್ರಿಂಟು ಒಣಗಿಸುತ್ತ ಒಂದೊಂದಾಗಿ ಹೇಳುತ್ತ ಹೋದ. “ನಾನು ನೋಡಿದೆ?” “ಛೆ, ಜಂಬ.” “ಬಾಗಿಲು ತೆಗೀರಿ?” “ಕಳ್ಳಿ ಅಂದ್ಕೋತಾರೆ.” “ಹಾಗಾದ್ರೆ ‘ಈಕೆಯ ಗಂಡ ಬಡಪಾಯಿ’ ಅಂತ ಹಾಕು.”

“ಅದು ನಿನ್ನ ಫೋಟೋ ಕೆಳಗೆ” ಎಂದು ಅವಳು ನಕ್ಕಳು.

ಫೋಟೋ ಸ್ಟುಡಿಯೊದ ಗೋಡೆ ಸೇರಿತು. ಅದರ ಕೆಳಗೆ ಅಂಟಿಸಿದ ಬಿಳಿ ಪಟ್ಟಿ ಇನ್ನೂ ಖಾಲಿಯಿದೆ. ಬಂದ ಗಿರಾಕಿಗಳು ಅದೇಕೆ ಎಂದು ಕೇಳಿದರೆ, ಅವಳು ಕುರ್ಚಿ ಎಳೆದು ಕೊಟ್ಟು, “ನೀವಾಗಿದ್ರೆ ಏನು ಬರೀತಿದ್ರಿ?” ಎಂದು ಮಾತಿಗೆ ಕೂರುತ್ತಾಳೆ.