ನಿಂಬೆಹಣ್ಣು ತೊಟ್ಟ ಹೆಬ್ಬೆರಳು

ನಮ್ಮವ್ವ ಮೊಳಕಾಲ್ಮೂರಿನ ಮಗ್ಗದ ಮನೆಗಳಿಗೆ ಎಳೆ ಹೊಸೆಯಲು ಹೋಗುತ್ತಿದ್ದಳು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ನೇಯ್ದು ಮುಗಿಯುತ್ತಾ ಬಂದಾಗ ಅದರ ತುದಿಗೆ ಹೊಸ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಸೇರಿಸಬೇಕು. ಗಂಟು ಹಾಕುವಂತಿಲ್ಲ. ತಟ್ಟೆಯಲ್ಲಿಟ್ಟ ಒಲೆಯ ಬೂದಿಗೆ ಬೆರಳು ಅದ್ದಿ, ಎರಡು ಎಳೆ ಕೂಡಿಸಿ ಹೊಸೆದರೆ ಆಯಿತು, ಎಳೆದರೂ ಬಿಚ್ಚದು. ನಾನೂ ಹೊಸೆದು ನೋಡಿದ್ದೇನೆ. ನನ್ನದು ಬಿಚ್ಚುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಅವ್ವನ ಬಲಗೈ ಹೆಬ್ಬೆರಳಿಗೆ ಉಗುರುಸುತ್ತಾಯಿತು. ಅವ್ವನ ಜೊತೆಯೇ ಹೊಸೆಯಲು ಹೋಗುತ್ತಿದ್ದ ಪಕ್ಕದ ಮನೆಯ ಅಜ್ಜಿ ನಿಂಬೆಹಣ್ಣಿಗೆ ತೂತು ಕೊರೆದು ಟೋಪಿಯಂತೆ ಬೆರಳಿಗೆ ತೊಡಿಸಿದರು. ಅವ್ವ ಅದನ್ನು ತೊಟ್ಟೇ ಮಲಗುವಳು. ಬೆಳಿಗ್ಗೆ ತೆಗೆದಿಟ್ಟು ಕೆಲಸಕ್ಕೆ ಹೋಗಿ, ಅದೇ ಬೆರಳನ್ನು ಬೂದಿಗೆ ಅದ್ದುವಳು.

"ಬೂದಿ ಕೀವು ಹೀರ್ಕಂತೈತೆ ಬಿಡೇ, ತಾನೇ ಒಣಗ್ತೈತೆ" ಎನ್ನುವಳು. ಇಷ್ಟು ವರ್ಷ ಅನ್ನ ಕೊಟ್ಟ ಬೂದಿ ಬೆರಳಿಗೆ ಕೇಡು ಮಾಡೀತೇ ಎಂಬ ನಂಬಿಕೆ. ಸಾಲದ್ದಕ್ಕೆ ಆ ತಟ್ಟೆಯ ಬೂದಿಗೆ ಜೊತೆಯವರೆಲ್ಲರ ಕೈಯೂ ಇಳಿಯುತ್ತಿತ್ತು.

ಬೆರಳು ಬದನೆಕಾಯಿಯ ಹಾಗೆ ಊದಿತು, ಜ್ವರ ಬಂತು. ಆಸ್ಪತ್ರೆಯ ಮಾತೆತ್ತಿದರೆ ಅಜ್ಜಿ, "ಏಮೀ ಕಾದಮ್ಮಾ, ಏನೂ ಆಗಲ್ಲ! ಉಗುರಲ್ಲಿ ಹೋಗೋದಕ್ಕೆ ಕೊಡ್ಲಿ ಯಾಕೆ?" ಎಂದರು. ನನಗೆ ರೇಗಿತು. ಕೂಗಾಡಿ, ಅತ್ತು, ಅವ್ವನನ್ನು ಚಳ್ಳಕೆರೆ ಬಸ್ಸು ಹತ್ತಿಸಿದೆ.

ಆಸ್ಪತ್ರೆಯ ಡಾಕ್ಟರಮ್ಮ ಬೆರಳನ್ನು ಮೆಲ್ಲಗೆ ಒತ್ತಿ ನೋಡಿದರು. "ಕೀವು ಒಳಗಿಳಿದಿದೆ. ಮೂಳೆಗೆ ತಗುಲಿದ್ದರೆ ಬೆರಳಿನ ತುದಿ ಉಳಿಸೋದು ಕಷ್ಟ" ಎಂದರು.

ಅಷ್ಟು ನೋವಿಗೂ ಅಳದ ಅವ್ವ ಆಗ ಅತ್ತಳು. "ಹಂಗನ್ಬ್ಯಾಡ್ರಿ ತಾಯಿ, ಇದ್ರಾಗೇ ನಮ್ಮ ಅನ್ನ ಐತೆ."

ಡಾಕ್ಟರಮ್ಮ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕೊಯ್ದು, ಕೀವು ತೆಗೆದರು. ಅದರಲ್ಲೇ ಸ್ವಲ್ಪವನ್ನು ಪರೀಕ್ಷೆಗೆ ಕಳಿಸಿ, ಮಾತ್ರೆ ಕೊಟ್ಟರು. ಮುಂದಿನ ಸಲ ಹೋದಾಗ ಮಾತ್ರೆ ಬದಲಾಯಿಸಿ, ನಮ್ಮನ್ನು ಕೂರಿಸಿಕೊಂಡು ಹೇಳಿದರು: "ಇದು ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಕಾಣುತ್ತೆ. ಎಷ್ಟೋ ಜನರ ಚರ್ಮದ ಮೇಲೆ, ಮೂಗಿನಲ್ಲಿ ಸುಮ್ಮನೆ ಇರುತ್ತೆ. ಗಾಯ ಸಿಕ್ಕರೆ ಒಳಗೆ ನುಗ್ಗುತ್ತೆ. ಮೊದಲು ಕೊಟ್ಟ ಮಾತ್ರೆಗೆ ಇದು ಬಗ್ಗಲ್ಲ."

"ನಮ್ಮ ಮೈಮ್ಯಾಲೇ ಇದ್ಕಂಡು? ಉಂಡ ಮನೆಗೆ ಎರಡು ಬಗಿತಾವಲ್ರೀ!" ಎಂದಳು ಅವ್ವ. ಡಾಕ್ಟರಮ್ಮ ಬಿದ್ದೂ ಬಿದ್ದೂ ನಕ್ಕರು. ಆಮೇಲೆ ಗದರಿದರು: ಗಾಯ ಮಾಯುವವರೆಗೆ ಬೂದಿ ಮುಟ್ಟಬಾರದು, ಮಾಯ್ದ ಮೇಲೂ ಸೋಪಿನಿಂದ ಕೈ ತೊಳೆದೇ ಕೂರಬೇಕು, ಗಾಯವಿದ್ದವರ ಕೈ ತಟ್ಟೆಗೆ ಇಳಿಯಕೂಡದು.

ಇದನ್ನು ಅವ್ವ ಆಮೇಲೆ ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ಸೋಪು ಮುಟ್ಟದೆ ಬಂದವರಿಗೆ ಬೂದಿ ತಟ್ಟೆಯನ್ನೇ ಕೊಡುತ್ತಿರಲಿಲ್ಲ. ಅಜ್ಜಿ ಕೂಡ ಗೊಣಗುತ್ತಲೇ ಕೈ ತೊಳೆಯುತ್ತಿದ್ದರು.

ಕೊನೆಯ ಸಲ ಪಟ್ಟಿ ಬಿಚ್ಚಿದಾಗ ಬೆರಳು ಪೂರ್ತಿ ಉಳಿದಿತ್ತು. ಆದರೆ ಅವ್ವನ ಮುಖ ಅರಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಎರಡು ರೇಷ್ಮೆ ಎಳೆ ತೆಗೆದಳು. ಊರಿಂದಲೇ ತಂದಿದ್ದಳು, ನನಗೂ ಹೇಳಿರಲಿಲ್ಲ. ಕಣ್ಣು ಮುಚ್ಚಿ ಹೊಸೆದಳು. ಬೂದಿಯಿಲ್ಲದೆ ಜಾರಿತು. ಮತ್ತೆ ಹೊಸೆದು, ಎರಡೂ ತುದಿಗಳನ್ನು ಡಾಕ್ಟರಮ್ಮನ ಕೈಗೆ ಕೊಟ್ಟಳು.

"ಎಳೀರಿ."

ಅವರು ಎಳೆದರು. ಬಿಚ್ಚಲಿಲ್ಲ.

ಅವ್ವ ಅವರ ಕೈಗಳನ್ನು ಎಳೆಯ ಸಮೇತ ಹಿಡಿದು ಕಣ್ಣಿಗೊತ್ತಿಕೊಂಡಳು. ನನ್ನ ಓದು, ಮದುವೆ ಎಲ್ಲ ನಡೆದದ್ದು ಆ ಹೆಬ್ಬೆರಳಿನ ದುಡಿಮೆಯಲ್ಲೇ. ಆ ಡಾಕ್ಟರಮ್ಮ ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಎಲ್ಲಿದ್ದರೂ ಅವರ ಕೈ ತಣ್ಣಗಿರಲಿ.