ಹತ್ತು ನಿಮಿಷ ತಡವಾದ ಬಸ್ಸು

ತೊಂಬತ್ತರ ದಶಕದಲ್ಲಿ ನಾನು ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ನಂಜನಗೂಡಿನ ಟಾಕೀಸಿನಲ್ಲಿ ಮ್ಯಾಟಿನಿ ಬಿಡುವ ಹತ್ತು ನಿಮಿಷ ಮುಂಚೆಯೇ ನಮ್ಮ ಬಸ್ಸು ಹೊರಡುತ್ತಿತ್ತು. ದಾರಿಯಲ್ಲಿ ಸಿಗುವ ಹದಿನಾರು ಎಂಬ ಹಳ್ಳಿಗೆ ಆಮೇಲೆ ಬಸ್ಸಿಲ್ಲ. ಹಾಗಾಗಿ ಆ ಊರಿನ ಹೆಂಗಸರು ಯಾವ ಸಿನಿಮಾದ ಕೊನೆಯನ್ನೂ ನೋಡಿದವರಲ್ಲ. ಕೊನೆಯನ್ನು ಬಸ್ಸಿನಲ್ಲೇ ಕಟ್ಟುತ್ತಿದ್ದರು. ಕಿಟಕಿಯಾಚೆ ಗದ್ದೆಯ ಮೇಲೆ ಸಂಜೆಬಿಸಿಲು ಮಲಗಿರುತ್ತಿತ್ತು. ಒಳಗೆ ಒಬ್ಬಳು ನಾಯಕನನ್ನು ಜೈಲಿನಿಂದ ಬಿಡಿಸುತ್ತಿದ್ದಳು, ಇನ್ನೊಬ್ಬಳು ಅತ್ತೆಗೆ ಬುದ್ಧಿ ಕಲಿಸುತ್ತಿದ್ದಳು. ಒಂದೂ ಸಿನಿಮಾ ನೋಡದ ನಾನು ಟಿಕೆಟ್ ಹರಿಯುತ್ತಾ, ಕನಸಿನಲ್ಲಿ ಕೇಳಿದ ಹಾಗೆ ಎಲ್ಲವನ್ನೂ ಕೇಳುತ್ತಿದ್ದೆ.

ಒಂದು ದಿನ, ಬಸ್ಸು ಹೊರಡುವ ಹೊತ್ತಿಗೆ, ಚಿಕ್ಕತಾಯಮ್ಮ ಎಂಬಾಕೆ ಟಾಕೀಸಿನಿಂದ ಒಬ್ಬಳೇ ಓಡಿಬಂದಳು.

"ಸಾ, ಅತ್ತು ನಿಮಿಸ ನಿಲ್ಸಿ. ಆ ಎಣ್ಣು ಆಸ್ಪತ್ರೇಲವ್ಳೆ. ಉಳ್ಕತಾಳಾ ಇಲ್ವಾ ನೋಡ್ಕಂಡ್ ಬತ್ತೀವಿ."

ಡ್ರೈವರ್ ಗೊಣಗಿದ. ನನಗೂ ತಿಳಿಯಬೇಕಿತ್ತು, ನಿಲ್ಲಿಸಿದೆ.

ಶೋ ಬಿಟ್ಟಿತು. ಎಲ್ಲರೂ ಬಂದು ಕೂತರು. ಊರು ದಾಟಿ ಗದ್ದೆಬಯಲು ಬಂದರೂ ಒಬ್ಬರ ಬಾಯಲ್ಲೂ ಮಾತಿಲ್ಲ. ಸೆರಗಿನಿಂದ ಮೂಗೊರೆಸುವ ಸದ್ದು ಮಾತ್ರ.

ಹದಿನಾರಿನಲ್ಲಿ ಇಳಿಯುವಾಗ ಚಿಕ್ಕತಾಯಮ್ಮ ನನ್ನ ಕಡೆ ತಿರುಗಿದಳು.

"ಇನ್ಮೇಲೆ ಟೈಮಿಗೇ ಬುಡಿ ಸಾ. ಬಸ್ಸಲ್ಲಾಗಿದ್ರೆ ಉಳಿಸ್ಕತಿದ್ವಿ."

ತಡವಾದದ್ದೇಕೆ ಅಂತ ಮಾರನೇ ದಿನ ಮಾಲೀಕರು ಕೇಳಿದರು. ಪಂಚರ್ ಅಂದೆ. ಆಸ್ಪತ್ರೆಯಲ್ಲಿ ಒಂದು ಹೆಣ್ಣು ತೀರಿಕೊಂಡಿತು ಅಂದಿದ್ದರೆ, ನಿನಗೇನಾಗಬೇಕು ಅಂತ ಕೇಳುತ್ತಿದ್ದರು.