ಆಮೆಮರಿಯ ದನಿ

ಆ ಆಮೆಮರಿ ಹಸಿರಾಗಿತ್ತು ಎಂದು ನನ್ನ ನೆನಪು. ಆದರೆ ಆಗ ನಮ್ಮ ಮನೆಯಲ್ಲಿದ್ದದ್ದು ಕಪ್ಪು-ಬಿಳುಪು ಟೀವಿ. ಹಸಿರನ್ನು ಕಂಡದ್ದು ಚಿತ್ರದ ಹಾಳೆಗಳಲ್ಲೋ ಆಮೇಲಿನ ಸಿನಿಮಾದಲ್ಲೋ ಹೇಳಲಾರೆ. ಮುಂದಿನದನ್ನೂ ಅಷ್ಟು ಅನುಮಾನ ಇಟ್ಟುಕೊಂಡೇ ಓದಬೇಕು.

ಎಂಬತ್ತರ ದಶಕದ ನಡುವಿನ ವರ್ಷಗಳು. ಆರ್.ಟಿ. ನಗರದ ಒಂದು ಮನೆಯ ಮಹಡಿಯಲ್ಲಿ ಧಾರವಾಡದ ಕಡೆಯ ಗಂಡ ಹೆಂಡತಿ ಸೇರಿ ಮಕ್ಕಳಿಗಾಗಿ ಟೀವಿಗೆ ಕಾರ್ಟೂನ್ ಸರಣಿಯೊಂದನ್ನು ಮಾಡುತ್ತಿದ್ದರು. ಗಂಡ ಚಿತ್ರಕಲಾವಿದರು, ಕಾರ್ಖಾನೆಯ ಡ್ರಾಯಿಂಗ್ ವಿಭಾಗದ ಕೆಲಸ ಬಿಟ್ಟು ಬಂದವರು. ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಯಲಹಂಕದ ಕಾಲೇಜೊಂದರಲ್ಲಿ ಅರೆಕಾಲಿಕ ಪಾಠ ಹೇಳುತ್ತ, ಅಲ್ಲೂ ಮನಸ್ಸು ನಿಲ್ಲದೆ ಇವರಿಗೆ ಸಂಭಾಷಣೆ ಬರೆದುಕೊಡುತ್ತಿದ್ದೆ. ಹೆಬ್ಬಾಳದ ಕೆರೆಯ ಆಮೆಮರಿಯೊಂದು ಪ್ರತಿ ಕಂತಿನಲ್ಲೂ ಹೊಸದೊಂದು ಪ್ರಶ್ನೆ ಹಿಡಿದು ಹೊರಡುತ್ತದೆ, ಅಷ್ಟೇ ಕಥೆ. ಆಮೆಯನ್ನೇ ಆರಿಸಿದ್ದಕ್ಕೆ ಒಂದು ಕಾರಣವಿತ್ತು. ಆಮೆ ಓಡುವುದಿಲ್ಲ, ಹೆದರಿದರೆ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ. ಕಡಿಮೆ ಚಿತ್ರ ಬರೆದರೆ ಸಾಕು. ಬರೀ ಚಿಪ್ಪನ್ನೇ ಎಷ್ಟು ಹೊತ್ತು ತೋರಿಸಿದರೂ ಮಕ್ಕಳು ಕದಲುತ್ತಿರಲಿಲ್ಲ, ಯಾಕೆಂದರೆ ಒಳಗಿನಿಂದ ದನಿ ಬರುತ್ತಿತ್ತು. ಆ ದನಿ ಕಲಾವಿದರ ಹೆಂಡತಿಯದು.

ಗೋಡೆಗಳಿಗೆ ಹಾಸಿಗೆ ತೂಗುಹಾಕಿದ ಕೋಣೆಯಲ್ಲಿ ಧ್ವನಿಮುದ್ರಣ. ಯಲಹಂಕದ ಕಡೆಯಿಂದ ವಿಮಾನ ಹಾರಿ ಬಂದರೆ ನಿಲ್ಲಿಸಬೇಕು. ಆಗ ಆಕೆ ಆಮೆಯ ದನಿಯಲ್ಲೇ "ಬಂದ್ರಪಾ ಮ್ಯಾಲಿನವ್ರು!" ಎನ್ನುತ್ತಿದ್ದರು. ನಾವು ನಗು ನಿಲ್ಲಿಸುವಷ್ಟರಲ್ಲಿ ಇನ್ನೊಂದು ವಿಮಾನ.

ಸರಣಿ ಮುಗಿದ ಮೇಲೆ ಆಕೆಯ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು ಆಪರೇಷನ್ ಆಯಿತು. ಜೀವ ಉಳಿಯಿತು. ದನಿ ಹೋಗಿ ಪಿಸುಮಾತಷ್ಟೇ ಉಳಿಯಿತು. ಆಕೆ ಮನೆಗೆ ಬಂದು ಸ್ವಲ್ಪ ದಿನಕ್ಕೆ, ಯಶವಂತಪುರದಲ್ಲಿ ಮರ ಕೊಯ್ಯುವ ಮಿಲ್ ಇದ್ದ ಒಬ್ಬರು ಬಂದು, ಸರಣಿಯನ್ನು ಪೂರ್ಣ ಪ್ರಮಾಣದ ಸಿನಿಮಾ ಮಾಡೋಣ, ನಾನೇ ನಿರ್ಮಾಪಕನಾಗುತ್ತೇನೆ ಎಂದರು.

"ಟೀವೀಲಿ ಆಮೆ ಸುಮ್ನೆ ಕೂತಿದ್ರೂ ಮಕ್ಳು ನೋಡ್ತವೆ ಗುರು. ಟಿಕೆಟ್ ತಗೊಂಡ್ ಬಂದೋವು ಸುಮ್ನಿರ್ತವಾ? ಓಡಿಸ್ರೀ ಅದನ್ನ!"

"ಓಡಿದ್ರ ಅದು ಆಮಿ ಹೆಂಗಾಗ್ತದ್ರಿ?" ಎಂದರು ಕಲಾವಿದರು.

"ಸಿನಿಮಾ ಆಮೆ ಕಣ್ರೀ! ಆಮೇಲೆ ಅಕ್ಕನ ಗಂಟಲು ಹಿಂಗಾಗಿದೆ, ಪಾಪ. ಮಾತಿಗೆ ಬೇರೆ ಯಾರನ್ನಾದ್ರೂ ನೋಡೋಣ."

ಓಡಿಸುವುದಕ್ಕೆ ಕಲಾವಿದರು ಹೇಗೋ ಒಪ್ಪಿದರು. ದನಿಯ ವಿಷಯಕ್ಕೆ ಒಪ್ಪಲಿಲ್ಲ. ನಿರ್ಮಾಪಕರು ಹೋದ ಮೇಲೆ ನನ್ನ ಕಡೆ ತಿರುಗಿ, "ಮಾಸ್ತರ್ರ, ಇಕಿ ದನಿ ಇಲ್ಲದ ಸಿನಿಮಾ ನಾ ಮಾಡೂದಿಲ್ಲ. ಹಳೇ ಟೇಪ್ ಎಲ್ಲಾ ಅದಾವ. ಇಕಿ ಏನೇನ ಅಂದಾಳ, ಅಷ್ಟರಾಗ ಕಥಿ ಬರೀರಿ," ಎಂದರು.

ಹಾಗೆಯೇ ಶುರುವಾಯಿತು. ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಒಂದೊಂದು ಮಾತಿನ ತುಂಡನ್ನೂ ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟೆವು. 'ಯಾಕೆ' ಬೇಕಾದಷ್ಟಿದ್ದವು. 'ಅಮ್ಮಾ' ಕೂಡ. ಸಿನಿಮಾದ ಕಥೆಯಲ್ಲಿ ಕೆರೆ ಬತ್ತುತ್ತದೆ. ಮರಿ ತಾಯಿಯನ್ನು ಬಿಟ್ಟು ನೀರು ಹುಡುಕಿಕೊಂಡು ಹೊರಡಬೇಕು. ಆಗ ಅದು ಹೇಳಬೇಕಾದ ಮಾತು: "ಅಮ್ಮಾ, ನಾನು ಹೋಗ್ಬೇಕು. ಅಳಬೇಡ." ಮೂರು ಬೇರೆ ಬೇರೆ ಕಂತುಗಳಿಂದ ಮೂರು ತುಂಡು ತೆಗೆದು ಅಂಟಿಸಿದೆವು. ಕಲಾವಿದರು ಯಂತ್ರಕ್ಕೆ ಹಾಕಿ ಮತ್ತೆ ಮತ್ತೆ ಕೇಳಿದರು. ಕಿವಿಗೆ ಜೋಡಣೆಯೇ ಗೊತ್ತಾಗುತ್ತಿರಲಿಲ್ಲ.

ಆಕೆ ಚಹಾ ತಂದವರು ಬಾಗಿಲಲ್ಲೇ ನಿಂತಿದ್ದರು, ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡು. ಆಪರೇಷನ್ ಆದ ಮೇಲೆ ತಮ್ಮ ದನಿಯನ್ನು ಕೇಳಿದ್ದು ಅದೇ ಮೊದಲು ಎಂದು ನನ್ನ ಎಣಿಕೆ. ಲೋಟಗಳನ್ನು ಕೆಳಗಿಟ್ಟು ಬಂದು ಯಂತ್ರವನ್ನು ನಿಲ್ಲಿಸಿದರು. ಪಿಸುಮಾತು ಕೇಳಿಸಿಕೊಳ್ಳಲು ನಾವಿಬ್ಬರೂ ಬಾಗಬೇಕಾಯಿತು.

"ಆ 'ಅಮ್ಮಾ' ಹದ್ದು ಬಂದಾಗ ಅಂದದ್ದು. ಆ 'ಹೋಗ್ಬೇಕು' ಆಟಕ್ಕ ಹೋಗೂದು. ಇಂಥಾ ಮಾತು ನಾ ಯಾವಾಗ ಅಂದೆ?"

"ನಿಂದ ದನಿ ಅಲ್ಲೇನ ಅದು?"

"ದನಿ ನಂದು. ಮಾತು ನಂದಲ್ಲ. ನಾ ಇನ್ನೂ ಇದ್ದೀನಲ್ರೀ. ಸತ್ತವರ ಸೀರಿ ಕತ್ತರಿಸಿ ಕೌದಿ ಹೊಲಿದಂಗ ಯಾಕ ಮಾಡ್ತೀರಿ?"

ಕಲಾವಿದರು, "ಬ್ಯಾರೆಯವರು ಮಾತಾಡಿದ್ರ ಅದರಾಗ ನೀ ಎಲ್ಲಿರ್ತಿ?" ಎಂದು ಕೇಳಿದರು. ಕೋಪದಲ್ಲಿ ಅಲ್ಲ. ಆಕೆ ಮೆಟ್ಟಿಲಿಳಿದು ಹೋದರು. ಕೆಳಗಿನ ಮನೆಯವರ ಮಗಳನ್ನು ಕೈಹಿಡಿದು ಕರೆತಂದರು. ಕಾಲೇಜು ಓದುವ ಹುಡುಗಿ. ಅವರ ಮನೆಯಲ್ಲಿ ಮಾತೆಲ್ಲ ದಖನಿ ಉರ್ದು.

"ಆಂಟಿ, ನನ್ ಕನ್ನಡ ಕೇಳಿದ್ರೆ ನಮ್ ಲೆಕ್ಚರರ್ ಕಿವಿ ಮುಚ್ಕೋತಾರೆ," ಎಂದಳು ಅವಳು.

ಆಕೆ ನನ್ನತ್ತ ನೋಡಿ ಪಿಸುಗುಟ್ಟಿದರು: "ಆಮಿ ಏನ್ ಎಂ.ಎ. ಮಾಡಿಲ್ಲವ್ವಾ."

ದನಿ ಇಲ್ಲದವರು ದನಿ ಕಲಿಸುವುದನ್ನು ನಾನು ಅಲ್ಲಿ ಕಂಡೆ. ಹುಡುಗಿಯ ಅಂಗೈಯನ್ನು ತಮ್ಮ ಹೊಟ್ಟೆಯ ಮೇಲೆ ಇಟ್ಟುಕೊಂಡು, ಉಸಿರು ಎಲ್ಲಿ ನಿಲ್ಲಬೇಕು, ಎಲ್ಲಿ ಬಿಡಬೇಕು ಎಂದು ತೋರಿಸುತ್ತಿದ್ದರು. ಮಾತು ಏರುವಲ್ಲಿ ಕೈ ಏರುತ್ತಿತ್ತು. ಮೊದಮೊದಲು ಹುಡುಗಿಯ ದನಿ ಚೀರಾಟವಾಗಿ, ಕೆಳಗಿನಿಂದ ಅವಳ ತಾಯಿ ಏನೋ ಕೂಗಿದರು. "ಮೇಲೆ ಆಡು ಕಟ್ಟಿದೀರಾ ಅಂತ ಕೇಳ್ತಿದಾರೆ ಅಮ್ಮಿ," ಎಂದು ಅವಳು ನಕ್ಕಳು.

'ಅಮ್ಮಾ, ನಾನು ಹೋಗ್ಬೇಕು' ಎಂಬ ಆ ಒಂದು ಸಾಲಿಗೆ ಮಾತ್ರ ವಾರಗಳೇ ಹಿಡಿದವು. ಹುಡುಗಿ ಹೇಳುವುದು, ಆಕೆ ತಲೆಯಾಡಿಸಿ ಬೇಡವೆನ್ನುವುದು. ಅವಳು ಅಳುವ ದನಿ ತೆಗೆದರೆ ಆಕೆ ಕೈಯೆತ್ತಿ ನಿಲ್ಲಿಸುತ್ತಿದ್ದರು: "ಅಳಾಕಿ ಅಮ್ಮ. ಮರಿ ಅಲ್ಲ." ಒಂದು ಮಧ್ಯಾಹ್ನ ಹುಡುಗಿ ಅದನ್ನು ತೀರ ಸಾದಾ ದನಿಯಲ್ಲಿ, ಅಂಗಡಿಗೆ ಹೊರಟವಳಂತೆ ಹೇಳಿದಳು. ಆಕೆ ಕಣ್ಣು ಮುಚ್ಚಿದರು, ಹೂಂ ಎಂದು ತಲೆದೂಗಿದರು. ಕಲಾವಿದರು ಎದ್ದು ಬಾಲ್ಕನಿಗೆ ಹೋಗಿ, ಬೆನ್ನು ತಿರುಗಿಸಿ ನಿಂತರು.

ಸಿನಿಮಾ ಬೆಳಗಿನ ಆಟಗಳಲ್ಲಿ ಸ್ವಲ್ಪ ದಿನ ಓಡಿತು. ಮೊದಲ ದಿನ ನಾನು ಅವರಿಬ್ಬರ ಹಿಂದಿನ ಸಾಲಿನಲ್ಲಿದ್ದೆ. ಕೆರೆ ಬತ್ತುವ ಹೊತ್ತಿಗೆ ಗಲಾಟೆ ಮಾಡುತ್ತಿದ್ದ ಮಕ್ಕಳು ಸುಮ್ಮನಾದರು. ಕಲಾವಿದರು ತಲೆ ತಗ್ಗಿಸಿ ಕೂತಿದ್ದರು. ಆಕೆ ಪರದೆಯನ್ನೇ ನೋಡುತ್ತ, ಆಮೆಯ ಮಾತಿನ ಜೊತೆಜೊತೆಗೆ ತುಟಿ ಆಡಿಸುತ್ತಿದ್ದರು ಎಂದು ನಾನು ಎಷ್ಟೋ ಸಲ ಸ್ನೇಹಿತರಿಗೆ ಹೇಳಿದ್ದೇನೆ. ಹಿಂದಿನ ಸಾಲಿನಿಂದ, ಆ ಕತ್ತಲಲ್ಲಿ, ಅವರ ತುಟಿ ನನಗೆ ಹೇಗೆ ಕಂಡಿತೋ ತಿಳಿಯದು. ಆದರೆ ಅವರು ಕೈ ಚಾಚಿ ಗಂಡನ ಗದ್ದ ಹಿಡಿದು ಮುಖವನ್ನು ಪರದೆಯ ಕಡೆಗೆ ಎತ್ತಿದ್ದು ನಿಜ. ಆಮೇಲೆ ಕಲಾವಿದರು ಕೊನೆಯವರೆಗೂ ತಲೆ ತಗ್ಗಿಸಲಿಲ್ಲ.

ಈಗ ಆಕೆಯ ಹಳೆಯ ದನಿಯನ್ನು ನೆನೆಸಿಕೊಳ್ಳಲು ಹೋದರೆ ಆ ಹುಡುಗಿಯದೇ ಕೇಳುತ್ತದೆ. ಎರಡನ್ನೂ ಬೇರೆ ಮಾಡಲು ಪ್ರಯತ್ನಪಟ್ಟು ಸೋತಿದ್ದೇನೆ. ಪಿಸುಮಾತು ಮಾತ್ರ ಆಕೆಯದೇ. ಅದರ ಬಗ್ಗೆ ನನಗೆ ಅನುಮಾನವಿಲ್ಲ.